ಅಕ್ಷರಕ್ಕೆ ಅಂಚು ಮತ್ತು ನೆರಳು ಕೊಡುವಾಗ ಎದುರಾಗುವ ತೊಂದರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಯಲ್ಲಾಪುರ, ಕುಮಟಾ, ಕಾರವಾರದ ಡಿಟಿಪಿ ಅಂಗಡಿಗಳಲ್ಲಿ ಮತ್ತು ಫ್ಲೆಕ್ಸ್ ಮುದ್ರಣ ಕೇಂದ್ರಗಳಲ್ಲಿ ಕೆಲಸ ಮಾಡುವವರನ್ನೂ, ಮನೆಯ ಮದುವೆಯ ಕರೆಯೋಲೆಯನ್ನೋ ಊರಿನ ಸಂಘದ ಕರಪತ್ರವನ್ನೋ ತಾವೇ ವಿನ್ಯಾಸ ಮಾಡಿಕೊಳ್ಳುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಪ್ರಶ್ನೋತ್ತರವನ್ನು ಸಿದ್ಧಪಡಿಸಲಾಗಿದೆ. ಉತ್ತರಗಳು ಮುಖ್ಯವಾಗಿ ಕೋರಲ್‌ಡ್ರಾ, ಇಲ್ಲಸ್ಟ್ರೇಟರ್, ಫೋಟೋಶಾಪ್, ಇಂಕ್‌ಸ್ಕೇಪ್ ಮತ್ತು ಗಿಂಪ್ ತಂತ್ರಾಂಶಗಳಿಗೆ ಸಂಬಂಧಿಸಿವೆ. ಮೆನುವಿನ ಹೆಸರುಗಳು ಆವೃತ್ತಿಯಿಂದ ಆವೃತ್ತಿಗೆ ಅಲ್ಪಸ್ವಲ್ಪ ಬದಲಾದರೂ ತೊಂದರೆಯ ಕಾರಣ ಬದಲಾಗುವುದಿಲ್ಲ. ಆದ್ದರಿಂದ ಗುಂಡಿ ಎಲ್ಲಿದೆ ಎಂಬುದಕ್ಕಿಂತ ಕಾರಣವನ್ನು ವಿವರಿಸುವುದಕ್ಕೆ ಇಲ್ಲಿ ಹೆಚ್ಚು ಜಾಗ ಕೊಡಲಾಗಿದೆ.

ಪ್ರಶ್ನೆ: ಅಂಚು ಕೊಟ್ಟ ಕೂಡಲೇ ಕನ್ನಡ ಅಕ್ಷರದ ಒಳಗೆಲ್ಲ ಗೆರೆಗಳು ಏಳುತ್ತವೆ. ಇಂಗ್ಲಿಷ್ ಅಕ್ಷರಗಳಿಗೆ ಹೀಗಾಗುವುದಿಲ್ಲ. ಕಾರಣವೇನು?

ಕೋರಲ್‌ಡ್ರಾದಂತಹ ತಂತ್ರಾಂಶಗಳು ಅಂಚನ್ನು ಎಳೆಯುವುದು ನಮ್ಮ ಕಣ್ಣಿಗೆ ಕಾಣುವ ಇಡೀ ಅಕ್ಷರಕ್ಕಲ್ಲ, ಫಾಂಟಿನೊಳಗಿನ ಒಂದೊಂದು ಆಕೃತಿಗೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಒಂದು ಅಕ್ಷರಕ್ಕೆ ಒಂದೇ ಆಕೃತಿಯಿರುತ್ತದೆ ಮತ್ತು ಪಕ್ಕದ ಅಕ್ಷರಕ್ಕೂ ಅದಕ್ಕೂ ನಡುವೆ ತುಸು ಜಾಗವಿರುತ್ತದೆ. ಕನ್ನಡದಲ್ಲಿ ‘ಶ್ರೀ’ ಎಂದು ಬರೆದರೆ ಬಹಳಷ್ಟು ಫಾಂಟುಗಳಲ್ಲಿ ‘ಶಿ’ ಒಂದು ಆಕೃತಿ, ಅದರ ದೀರ್ಘ ಇನ್ನೊಂದು, ಕೆಳಗಿನ ಒತ್ತು ಮತ್ತೊಂದು. ಇವು ಒಂದನ್ನೊಂದು ಮುಟ್ಟಿಕೊಂಡೋ ಒಂದರ ಮೇಲೊಂದು ಹಾಯ್ದುಕೊಂಡೋ ನಿಂತಿರುತ್ತವೆ. ಬಣ್ಣ ತುಂಬಿದಾಗ ಎಲ್ಲವೂ ಒಂದೇ ಬಣ್ಣವಾದ್ದರಿಂದ ಕೂಡುಜಾಗ ಕಾಣುವುದಿಲ್ಲ, ಆದರೆ ಪ್ರತಿಯೊಂದರ ಸುತ್ತಲೂ ಬೇರೆ ಬಣ್ಣದ ಗೆರೆ ಬಂದ ಕೂಡಲೇ ಪ್ರತಿ ಕೂಡುಜಾಗವೂ ಬಯಲಾಗುತ್ತದೆ.

ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಆ ಪದ್ಧತಿಯಲ್ಲಿ ‘ಕ’ ಎಂಬ ಸರಳ ಅಕ್ಷರವೂ ಎರಡು ತುಂಡುಗಳ ಜೋಡಣೆ: ಮೂಲ ಆಕಾರ ಒಂದು, ತಲಕಟ್ಟು ಇನ್ನೊಂದು. ಗುಣಿತಾಕ್ಷರ ಮತ್ತು ಒತ್ತಕ್ಷರ ಬಂದಂತೆ ತುಂಡುಗಳ ಸಂಖ್ಯೆ ಏರುತ್ತ ಹೋಗುತ್ತದೆ. ಯೂನಿಕೋಡ್ ಫಾಂಟುಗಳಲ್ಲಿ ಅನೇಕ ಗುಣಿತಾಕ್ಷರಗಳನ್ನು ಒಂದೇ ಆಕೃತಿಯಾಗಿ ಮೊದಲೇ ರಚಿಸಿಟ್ಟಿರುವುದರಿಂದ ಗೆರೆಗಳು ಕಡಿಮೆ ಬೀಳುತ್ತವೆ, ಪೂರ್ತಿ ಇಲ್ಲವಾಗುವುದಿಲ್ಲ. ಇತ್ತೀಚಿನ ವೇರಿಯಬಲ್ ಫಾಂಟುಗಳಲ್ಲಿ ಒಂದೇ ಆಕೃತಿಯೊಳಗೂ ಹಲವು ಮುಚ್ಚಿದ ಗೆರೆಗಳು ಒಂದರ ಮೇಲೊಂದು ಬಿದ್ದಿರುವುದುಂಟು. ದಪ್ಪವನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡಲು ಅನುಕೂಲವಾಗಲೆಂದು ಫಾಂಟು ರಚಿಸುವವರೇ ಹಾಗೆ ಇಟ್ಟಿರುತ್ತಾರೆ.

ಕಾರವಾರ, ಸದಾಶಿವಗಡ, ಮಾಜಾಳಿಯ ಕಡೆ ಕೊಂಕಣಿ ಮತ್ತು ಮರಾಠಿ ಆಮಂತ್ರಣಗಳನ್ನು ದೇವನಾಗರಿಯಲ್ಲಿ ಮಾಡುವವರಿಗೂ ಇದೇ ತೊಂದರೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಅಲ್ಲಿ ಅಕ್ಷರಗಳು ಮೇಲಿನ ಶಿರೋರೇಖೆಯಲ್ಲಿ ಕೂಡುವುದರಿಂದ ಅಂಚು ಕೊಟ್ಟಾಗ ಆ ರೇಖೆ ತುಂಡು ತುಂಡಾಗಿ ಕಾಣುತ್ತದೆ. ಕಾರಣವೂ ಒಂದೇ, ಪರಿಹಾರವೂ ಒಂದೇ.

ಪ್ರಶ್ನೆ: ಆ ಒಳಗೆರೆಗಳನ್ನು ತೆಗೆಯುವುದು ಹೇಗೆ?

ಎರಡು ದಾರಿಗಳಿವೆ. ಮೊದಲನೆಯದು, ಅಂಚನ್ನು ಅಕ್ಷರದ ಬಣ್ಣದ ಹಿಂದಕ್ಕೆ ಕಳಿಸುವುದು. ಕೋರಲ್‌ಡ್ರಾದಲ್ಲಿ ಎಫ್12 ಒತ್ತಿ ಔಟ್‌ಲೈನ್ ಪೆನ್ ಪೆಟ್ಟಿಗೆಯನ್ನು ತೆರೆದು ‘ಬಿಹೈಂಡ್ ಫಿಲ್’ ಎಂಬುದನ್ನು ಆರಿಸಬೇಕು. ಇಲ್ಲಸ್ಟ್ರೇಟರ್‌ನಲ್ಲಿ ಅಪಿಯರೆನ್ಸ್ ಫಲಕದಲ್ಲಿ ಹೊಸ ಸ್ಟ್ರೋಕ್ ಸೇರಿಸಿ, ಅದನ್ನು ‘ಕ್ಯಾರೆಕ್ಟರ್ಸ್’ ಎಂಬ ಸಾಲಿನ ಕೆಳಕ್ಕೆ ಎಳೆದಿಡಬೇಕು. ಪರಿಕರ ಪಟ್ಟಿಯಲ್ಲಿರುವ ಸಾಮಾನ್ಯ ಸ್ಟ್ರೋಕ್ ಬಣ್ಣವನ್ನು ಬಳಸಿದರೆ ಗೆರೆ ಯಾವಾಗಲೂ ಅಕ್ಷರದ ಮೇಲೆಯೇ ಕೂರುತ್ತದೆ. ಇಂಕ್‌ಸ್ಕೇಪಿನ ಫಿಲ್ ಆ್ಯಂಡ್ ಸ್ಟ್ರೋಕ್ ಸಂವಾದದ ಸ್ಟ್ರೋಕ್ ಸ್ಟೈಲ್ ಪುಟದಲ್ಲಿ ‘ಆರ್ಡರ್’ ಎಂಬ ಸಾಲಿದೆ. ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಅಲ್ಲಿ ನಿರ್ಧರಿಸಬಹುದು.

ಇಷ್ಟು ಮಾಡಿದ ಮೇಲೂ ಒಂದು ಅಕ್ಷರದ ಅಂಚು ಅದರ ಎಡಬದಿಯ ಅಕ್ಷರದ ಮೇಲೆ ಏರಿ ಕುಳಿತಂತೆ ಕಂಡರೆ ಎರಡು ಪ್ರತಿಗಳ ಕ್ರಮವನ್ನು ಅನುಸರಿಸುವುದು ಒಳ್ಳೆಯದು. ಪಠ್ಯದ ಇನ್ನೊಂದು ಪ್ರತಿಯನ್ನು ಮಾಡಿ ಅದನ್ನು ಕೆಳಗಿಟ್ಟು, ಅದರ ಒಳಬಣ್ಣ ಮತ್ತು ಅಂಚಿನ ಬಣ್ಣ ಎರಡನ್ನೂ ಒಂದೇ ಮಾಡಬೇಕು. ಮೇಲಿನ ಪ್ರತಿಗೆ ಅಂಚೇ ಇರಬಾರದು. ಕೆಳಗಿನ ಪ್ರತಿಯಲ್ಲಿ ಎಲ್ಲವೂ ಒಂದೇ ಬಣ್ಣವಾದ್ದರಿಂದ ಎಷ್ಟು ತುಂಡುಗಳಿದ್ದರೂ ಕೂಡುಜಾಗ ಕಾಣಿಸುವ ಪ್ರಶ್ನೆಯೇ ಇಲ್ಲ. ಯಾವ ತಂತ್ರಾಂಶದಲ್ಲಾದರೂ, ಯಾವ ಆವೃತ್ತಿಯಲ್ಲಾದರೂ, ನುಡಿ ಫಾಂಟಿಗಾದರೂ ನಡೆಯುವ ಕ್ರಮವಿದು. ಹೆಸರನ್ನು ತಿದ್ದಬೇಕಾಗಿ ಬಂದಾಗ ಎರಡೂ ಕಡೆ ತಿದ್ದಬೇಕೆಂಬುದೊಂದೇ ಇದರ ಕೊರತೆ. ಅವಸರದಲ್ಲಿ ಮೇಲಿನ ಪ್ರತಿಯನ್ನು ಮಾತ್ರ ತಿದ್ದಿ ಮುದ್ರಣಕ್ಕೆ ಕಳಿಸಿದರೆ ಹೊಸ ಹೆಸರಿನ ಹಿಂದೆ ಹಳೆಯ ಹೆಸರು ಇಣುಕುತ್ತದೆ.

ಎರಡನೆಯ ದಾರಿ, ತುಂಡುಗಳನ್ನು ನಿಜವಾಗಿಯೂ ಬೆಸೆದುಬಿಡುವುದು. ಅಂದರೆ ಪಠ್ಯವನ್ನು ಕರ್ವ್ ಮಾಡಿ (ಅಕ್ಷರಗಳನ್ನು ಬರಿಯ ಗೆರೆಗಳ ಆಕೃತಿಯಾಗಿ ಬದಲಿಸಿ), ಕೋರಲ್‌ಡ್ರಾದಲ್ಲಿ ವೆಲ್ಡ್, ಇಲ್ಲಸ್ಟ್ರೇಟರ್‌ನ ಪಾತ್‌ಫೈಂಡರ್‌ನಲ್ಲಿ ಯುನೈಟ್, ಇಂಕ್‌ಸ್ಕೇಪಿನಲ್ಲಿ ಗುಂಪನ್ನು ಬಿಡಿಸಿ ಯೂನಿಯನ್ ಆಜ್ಞೆಯನ್ನು ಕೊಡುವುದು. ಇದಾದ ಮೇಲೆ ಅದು ಪಠ್ಯವಾಗಿ ಉಳಿಯುವುದಿಲ್ಲ, ಬರಿಯ ಚಿತ್ರ. ಆದ್ದರಿಂದ ಬೆಸೆಯುವ ಮೊದಲಿನ ಪ್ರತಿಯೊಂದನ್ನು ಪುಟದ ಹೊರಗೆ ಇಟ್ಟುಕೊಳ್ಳಬೇಕು. ಅಕ್ಷರಗಳನ್ನು ಕತ್ತರಿಸುವ ಯಂತ್ರಕ್ಕೆ ಕಳಿಸುವ ಕೆಲಸವಾದರೆ ಈ ದಾರಿಯೇ ಕಡ್ಡಾಯ.

ಪ್ರಶ್ನೆ: ಫೋಟೋಶಾಪಿನಲ್ಲಿ ಈ ತೊಂದರೆ ಬರಲೇ ಇಲ್ಲವಲ್ಲ?

ಬರುವುದಿಲ್ಲ. ಫೋಟೋಶಾಪಿನ ಲೇಯರ್ ಸ್ಟೈಲ್‌ನಲ್ಲಿರುವ ಸ್ಟ್ರೋಕ್ ಬಿಡಿ ಆಕೃತಿಗಳನ್ನು ನೋಡುವುದಿಲ್ಲ. ಇಡೀ ಪದರದಲ್ಲಿ ಬಣ್ಣ ಎಲ್ಲಿ ಮುಗಿದು ಪಾರದರ್ಶಕ ಜಾಗ ಎಲ್ಲಿ ಶುರುವಾಗುತ್ತದೆ ಎಂಬುದನ್ನಷ್ಟೇ ನೋಡಿ ಗೆರೆ ಎಳೆಯುತ್ತದೆ. ಆ ಕಾರಣಕ್ಕಾಗಿಯೇ ಅನೇಕರು ಶೀರ್ಷಿಕೆಯನ್ನು ಫೋಟೋಶಾಪಿನಲ್ಲಿ ಮಾಡಿ ಕೋರಲ್‌ಡ್ರಾಕ್ಕೆ ತರುತ್ತಾರೆ. ಫ್ಲೆಕ್ಸಿಗೆ ಅದು ನಡೆಯುತ್ತದೆ. ಕರೆಯೋಲೆಯಂತಹ ಸಣ್ಣ ಕೆಲಸದಲ್ಲಿ ಅಕ್ಷರದ ಅಂಚು ಬಿಂದುಗಳಾಗಿ ಒಡೆಯುವುದರಿಂದ ಅದು ಸೂಕ್ತವಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಕರ್ವ್ ಮಾಡಿ ಬಿಡಿಸಿದ ಮೇಲೆ ಅಕ್ಷರದ ಹೊಟ್ಟೆಯೆಲ್ಲ ತುಂಬಿಹೋಯಿತು. ಇನ್ನು ಕೆಲವು ಕಡೆ ತುಂಬಿರಬೇಕಾದ ಜಾಗ ಬೆಳ್ಳಗಾಯಿತು.

ಇವು ಎರಡು ಬೇರೆ ತೊಂದರೆಗಳು. ಕೋರಲ್‌ಡ್ರಾದಲ್ಲಿ ಕಂಟ್ರೋಲ್ ಮತ್ತು ಕೆ ಒತ್ತಿ ಬಿಡಿಸಿದಾಗ ‘ಠ’ ಅಕ್ಷರದ ಹೊರಗೆರೆಯೂ ಒಳಗಿನ ಖಾಲಿಜಾಗದ ಗೆರೆಯೂ ಬೇರೆ ಬೇರೆ ವಸ್ತುಗಳಾಗುತ್ತವೆ ಮತ್ತು ಎರಡಕ್ಕೂ ಬಣ್ಣ ತುಂಬಿಕೊಳ್ಳುತ್ತದೆ. ಹೊರಗೆರೆಗಳನ್ನು ಮಾತ್ರ ಆರಿಸಿ ವೆಲ್ಡ್ ಮಾಡಿ, ಅನಂತರ ಒಳಗಿನ ಖಾಲಿಜಾಗಗಳನ್ನು ಅದರೊಂದಿಗೆ ಸೇರಿಸಿ ಆರಿಸಿಕೊಂಡು ಕಂಟ್ರೋಲ್ ಮತ್ತು ಎಲ್ ಒತ್ತಿ ಕಂಬೈನ್ ಮಾಡಿದರೆ ಹೊಟ್ಟೆ ಮತ್ತೆ ತೆರೆದುಕೊಳ್ಳುತ್ತದೆ. ಇನ್ನು ಎರಡು ತುಂಡುಗಳು ಹಾಯ್ದ ಜಾಗ ಬೆಳ್ಳಗಾಗುವುದು, ಅವು ಬೆಸೆಯದೆ ಬರಿದೇ ಕಂಬೈನ್ ಆಗಿರುವಾಗ. ಎರಡು ಸಲ ಮುಚ್ಚಿದ ಜಾಗವನ್ನು ತಂತ್ರಾಂಶವು ತೂತೆಂದು ಲೆಕ್ಕ ಹಾಕುತ್ತದೆ. ಅಂತಹ ಕಡೆ ಕಂಬೈನ್ ಬಿಡಿಸಿ ವೆಲ್ಡ್ ಮಾಡಬೇಕು.

ಪ್ರಶ್ನೆ: ಅಂಚನ್ನು ದಪ್ಪ ಮಾಡಿದಷ್ಟೂ ಅಕ್ಷರ ಸೊರಗುತ್ತದೆ, ಒತ್ತಕ್ಷರವಂತೂ ಓದಲಿಕ್ಕೇ ಬರುವುದಿಲ್ಲ.

ಗೆರೆಯ ಮಧ್ಯಭಾಗವು ಅಕ್ಷರದ ಹೊರಮೈಯ ಮೇಲೆಯೇ ಸಾಗುವುದು ಈ ತಂತ್ರಾಂಶಗಳಲ್ಲಿ ಮೂಲ ವ್ಯವಸ್ಥೆ. 4 ಪಾಯಿಂಟಿನ ಅಂಚು ಕೊಟ್ಟರೆ 2 ಪಾಯಿಂಟ್ ಹೊರಕ್ಕೆ ಹೋಗುತ್ತದೆ, 2 ಪಾಯಿಂಟ್ ಅಕ್ಷರವನ್ನೇ ತಿನ್ನುತ್ತದೆ. ಅಕ್ಷರದ ಎರಡೂ ಬದಿಯಿಂದ ಹೀಗೆ ತಿನ್ನುವುದರಿಂದ ಒತ್ತಿನ ಸಣ್ಣ ಗೆರೆಯಲ್ಲಿ ಉಳಿಯುವುದು ಏನೂ ಇಲ್ಲ. ಅಂಚನ್ನು ಹಿಂದಕ್ಕೆ ಕಳಿಸಿದರೆ ಈ ತೊಂದರೆಯೂ ನಿವಾರಣೆಯಾಗುತ್ತದೆ, ಆದರೆ ಆಗ ಕಾಣುವುದು ಹೊರಗಿನ ಅರ್ಧ ಮಾತ್ರವಾದ್ದರಿಂದ ಬೇಕಾದ ದಪ್ಪದ ಎರಡರಷ್ಟನ್ನು ನಮೂದಿಸಬೇಕು. ಇಲ್ಲಸ್ಟ್ರೇಟರ್‌ನಲ್ಲಿ ಗೆರೆಯನ್ನು ಪೂರ್ತಿ ಹೊರಕ್ಕೆ ಹೊಂದಿಸುವ ಗುಂಡಿಯಿದ್ದರೂ ಪಠ್ಯವು ಪಠ್ಯವಾಗಿರುವವರೆಗೆ ಅದು ಕೆಲಸ ಮಾಡುವುದಿಲ್ಲ. ಗುಂಡಿ ಮಸುಕಾಗಿ ಕಾಣುವುದು ದೋಷವಲ್ಲ. ಫೋಟೋಶಾಪಿನ ಸ್ಟ್ರೋಕ್‌ನಲ್ಲಿ ‘ಔಟ್‌ಸೈಡ್’ ಎಂದು ಆರಿಸಿದರೆ ಅಕ್ಷರ ಹಾಗೆಯೇ ಉಳಿಯುತ್ತದೆ, ಮೂಲೆಗಳು ಮಾತ್ರ ದುಂಡಗಾಗುತ್ತವೆ.

ಇನ್ನೊಂದು ಮಾತು. ಹೊರಕ್ಕೆ ಬೆಳೆದ ಅಂಚು ಅಕ್ಷರದೊಳಗಿನ ಖಾಲಿಜಾಗಕ್ಕೂ ಬೆಳೆಯುತ್ತದೆ. ‘ಕದಂಬೋತ್ಸವ’ ಎಂಬಲ್ಲಿನ ‘ತ್ಸ’ದಂತಹ ಕಡೆ ಮೇಲಿನ ಅಕ್ಷರಕ್ಕೂ ಒತ್ತಿಗೂ ನಡುವೆ ಇರುವ ಕಿರಿದಾದ ಜಾಗ ಮೊದಲು ಮುಚ್ಚಿಹೋಗುತ್ತದೆ. ಅಂಚಿನ ದಪ್ಪವನ್ನು ನಿರ್ಧರಿಸುವಾಗ ಶೀರ್ಷಿಕೆಯ ದೊಡ್ಡ ಅಕ್ಷರವನ್ನಲ್ಲ, ಅದರೊಳಗಿನ ಅತಿ ಚಿಕ್ಕ ಒತ್ತನ್ನು ನೋಡಬೇಕು.

ಪ್ರಶ್ನೆ: ಅಕ್ಷರದ ಮೂಲೆಗಳಲ್ಲಿ ಮುಳ್ಳಿನಂತೆ ಚೂಪಾದ ಕೊಂಬುಗಳು ಏಳುತ್ತವೆ.

ಎರಡು ಗೆರೆಗಳು ಕಿರಿದಾದ ಕೋನದಲ್ಲಿ ಕೂಡಿದಾಗ ಅವುಗಳ ಹೊರ ಅಂಚುಗಳು ಒಂದನ್ನೊಂದು ಸೇರುವವರೆಗೆ ಮುಂದಕ್ಕೆ ಚಾಚುತ್ತವೆ. ಮೂಲೆಯ ಬಗೆಯನ್ನು ‘ಮೈಟರ್’ನಿಂದ ‘ರೌಂಡ್’ಗೆ ಬದಲಿಸಿದರೆ ಸಾಕು. ಚೂಪು ಮೂಲೆಯೇ ಬೇಕೆಂದರೆ ಮೈಟರ್ ಲಿಮಿಟ್ ಸಂಖ್ಯೆಯನ್ನು ಹೊಂದಿಸಿ, ಅತಿ ಚೂಪಾದ ಮೂಲೆಗಳನ್ನು ಮಾತ್ರ ಮೊಟಕು ಮಾಡಬಹುದು. ಈ ಮಿತಿಯು ಇಲ್ಲಸ್ಟ್ರೇಟರ್‌ನಲ್ಲಿ ಮೂಲತಃ 10 ಇರುತ್ತದೆ, ಇಂಕ್‌ಸ್ಕೇಪ್ ಬಳಸುವ ಎಸ್‌ವಿಜಿ ಎಂಬ ಕಡತ ಮಾನಕದಲ್ಲಿ 4. ಆದ್ದರಿಂದ ಒಂದೇ ಕಡತವು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋದಾಗ ಮೂಲೆ ಬೇರೆಯಾಗಿ ಕಂಡರೆ ಮೊದಲು ಈ ಸಂಖ್ಯೆಯನ್ನು ನೋಡಬೇಕು. ದುಂಡುದುಂಡಾಗಿಯೇ ಬರೆಯುವ ಕನ್ನಡಕ್ಕೆ ದುಂಡು ಮೂಲೆಯೇ ಒಪ್ಪುತ್ತದೆ.

ಪ್ರಶ್ನೆ: ಪರದೆಯ ಮೇಲೆ ದಪ್ಪವಾಗಿದ್ದ ಅಂಚು ಫ್ಲೆಕ್ಸಿನಲ್ಲಿ ದಾರದಷ್ಟು ತೆಳ್ಳಗಾಗಿದೆ.

ವಿನ್ಯಾಸವನ್ನು ಹಿಗ್ಗಿಸುವಾಗ ಅಕ್ಷರ ಹಿಗ್ಗಿದೆ, ಗೆರೆ ಹಿಗ್ಗಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಊರೆಲ್ಲ ಕಾಣುವ ಸ್ವಾಗತ ಫಲಕಗಳಂತಹ ದೊಡ್ಡ ಕೆಲಸಗಳನ್ನು ಹತ್ತನೆಯ ಒಂದು ಅಳತೆಯಲ್ಲಿ ಮಾಡಿಕೊಳ್ಳುವ ರೂಢಿಯಿದೆ: 10 ಅಡಿ ಅಗಲ, 5 ಅಡಿ ಎತ್ತರದ ಫಲಕಕ್ಕೆ 12 ಇಂಚು, 6 ಇಂಚಿನ ಪುಟ. ಅದರಲ್ಲಿ 3 ಪಾಯಿಂಟ್ ಅಂಚು ಕೊಟ್ಟರೆ ಪೂರ್ಣ ಅಳತೆಯಲ್ಲಿ ಅದು 30 ಪಾಯಿಂಟ್, ಅಂದರೆ ಸುಮಾರು 10 ಮಿಲಿಮೀಟರ್ ಆಗಬೇಕು. ಗೆರೆ ಹಿಗ್ಗುವ ವ್ಯವಸ್ಥೆ ಇಲ್ಲದಿದ್ದರೆ ಅದು 3 ಪಾಯಿಂಟಾಗಿಯೇ, ಸುಮಾರು 1 ಮಿಲಿಮೀಟರಾಗಿಯೇ ಉಳಿಯುತ್ತದೆ. ಕೋರಲ್‌ಡ್ರಾದಲ್ಲಿ ಔಟ್‌ಲೈನ್ ಪೆನ್ ಪೆಟ್ಟಿಗೆಯ ‘ಸ್ಕೇಲ್ ವಿತ್ ಆಬ್ಜೆಕ್ಟ್’, ಇಲ್ಲಸ್ಟ್ರೇಟರ್‌ನ ಪ್ರಿಫರೆನ್ಸಸ್‌ನಲ್ಲಿ ‘ಸ್ಕೇಲ್ ಸ್ಟ್ರೋಕ್ಸ್ ಆ್ಯಂಡ್ ಎಫೆಕ್ಟ್ಸ್’, ಇಂಕ್‌ಸ್ಕೇಪಿನಲ್ಲಿ ಆಯ್ಕೆ ಉಪಕರಣದ ಪಟ್ಟಿಯಲ್ಲಿರುವ ಗೆರೆದಪ್ಪದ ಗುಂಡಿ, ಇವನ್ನು ಹಿಗ್ಗಿಸುವ ಮೊದಲೇ ಒತ್ತಿರಬೇಕು.

ಫೋಟೋಶಾಪಿನಲ್ಲಿ ಪದರವನ್ನು ಫ್ರೀ ಟ್ರಾನ್ಸ್‌ಫಾರ್ಮ್‌ನಿಂದ ಹಿಗ್ಗಿಸಿದರೆ ಪರಿಣಾಮಗಳು ಹಿಂದಿನ ಅಳತೆಯಲ್ಲೇ ನಿಲ್ಲುತ್ತವೆ. ಲೇಯರ್ ಮೆನುವಿನ ಲೇಯರ್ ಸ್ಟೈಲ್‌ನಲ್ಲಿರುವ ‘ಸ್ಕೇಲ್ ಎಫೆಕ್ಟ್ಸ್’ ಮೂಲಕ ಅವನ್ನು ಬೇರೆಯಾಗಿ ಹಿಗ್ಗಿಸಬೇಕು. ಸ್ಟ್ರೋಕಿನ ದಪ್ಪಕ್ಕೆ ಅಲ್ಲಿ 250 ಪಿಕ್ಸೆಲ್ಲಿನ ಮಿತಿಯಿದೆ ಎಂಬುದೂ ಗೊತ್ತಿರಲಿ.

ಪ್ರಶ್ನೆ: ಅಂಚು ಸರಿಯಾಗಿದೆ, ಆದರೆ ಒತ್ತಕ್ಷರಗಳೇ ಒಡೆದುಹೋಗಿವೆ. ‘ಯಕ್ಷಗಾನ’ ಎಂದು ಬರೆದರೆ ‘ಕ್’ ಬೇರೆ, ‘ಷ’ ಬೇರೆಯಾಗಿ ಕಾಣುತ್ತದೆ.

ಇದು ಅಂಚಿನ ತೊಂದರೆಯಲ್ಲ, ಅಕ್ಷರ ಜೋಡಣೆಯ ತೊಂದರೆ. ಆದರೂ ಅಂಚು ಹಾಕಿದ ಮೇಲೆಯೇ ಕಣ್ಣಿಗೆ ಬೀಳುವುದರಿಂದ ಇಲ್ಲಿ ಸೇರಿಸಲಾಗಿದೆ. ಇಲ್ಲಸ್ಟ್ರೇಟರ್‌ನ ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ ‘ಶೋ ಇಂಡಿಕ್ ಆಪ್ಶನ್ಸ್’ ಆರಿಸಿ, ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಮೀಸಲಾದ ಕಂಪೋಸರ್ ಅನ್ನು ಆರಿಸಬೇಕು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಇದೇ ಆಯ್ಕೆಯನ್ನು ಟೈಪ್ ಪ್ರಿಫರೆನ್ಸಸ್‌ನಲ್ಲಿ ಬದಲಿಸಿದ ಮೇಲೆ ಹೊಸ ಕಡತವನ್ನು ತೆರೆಯಬೇಕಾಗುತ್ತದೆ. ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ’ ಕಂಪೋಸರ್ ಇದೆ. ಇಂಕ್‌ಸ್ಕೇಪ್ ಮತ್ತು ಗಿಂಪ್ ಹಾರ್ಫ್‌ಬಜ್ ಎಂಬ ಜೋಡಣಾ ವ್ಯವಸ್ಥೆಯನ್ನು ಬಳಸುವುದರಿಂದ ಅವುಗಳಲ್ಲಿ ಯೂನಿಕೋಡ್ ಕನ್ನಡ ಯಾವ ಹೊಂದಾಣಿಕೆಯೂ ಇಲ್ಲದೆ ಸರಿಯಾಗಿ ಮೂಡುತ್ತದೆ.

ಜೋಡಣೆ ಸರಿಯಿದ್ದೂ ಅಕ್ಷರ ಬಿರುಕು ಬಿಟ್ಟಂತೆ ಕಂಡರೆ ಅಕ್ಷರಗಳ ನಡುವಿನ ಅಂತರವನ್ನು ಹಿಗ್ಗಿಸಿರುವಿರೇ ಎಂದು ನೋಡಬೇಕು. ಆ ಅಂತರವು ದೀರ್ಘದ ಗುರುತು ಮತ್ತು ಮೂಲಾಕ್ಷರದ ನಡುವೆಯೂ ಸೇರಿಕೊಳ್ಳಬಹುದು. ಕನ್ನಡ ಶೀರ್ಷಿಕೆಗೆ ಅಂತರ ಸೊನ್ನೆಯೇ ಇರಲಿ.

ಪ್ರಶ್ನೆ: ನೆರಳು ಕೊಟ್ಟಿದ್ದೇನೆ, ಕಾಣುತ್ತಲೇ ಇಲ್ಲ.

ಹಿನ್ನೆಲೆ ಕಪ್ಪು ಅಥವಾ ಗಾಢ ನೀಲಿಯೇ? ಫೋಟೋಶಾಪಿನಲ್ಲಿ ನೆರಳಿನ ಮೂಲ ಬಣ್ಣ ಕಪ್ಪು, ಬೆರೆಯುವ ವಿಧಾನ ಮಲ್ಟಿಪ್ಲೈ. ಅದು ಹಿನ್ನೆಲೆಯನ್ನು ಗಾಢ ಮಾಡಬಲ್ಲುದೇ ಹೊರತು ತಿಳಿಯಾಗಿಸಲಾರದು. ರಾತ್ರಿಯ ಯಕ್ಷಗಾನದ ಕರಪತ್ರಗಳಲ್ಲಿ ಕಪ್ಪು ಹಿನ್ನೆಲೆ ಸಾಮಾನ್ಯವಾದ್ದರಿಂದ ಈ ಪ್ರಶ್ನೆ ಹೆಚ್ಚಾಗಿ ಬರುತ್ತದೆ. ಅಲ್ಲಿ ನೆರಳಿನ ಬದಲು ತಿಳಿ ಬಣ್ಣದ ಔಟರ್ ಗ್ಲೋ ಅಥವಾ ತೆಳುವಾದ ತಿಳಿ ಅಂಚು ಕೊಡಬೇಕು. ಹಿನ್ನೆಲೆ ತಿಳಿಯಾಗಿದ್ದೂ ಕಾಣದಿದ್ದರೆ ನೆರಳಿನ ದೂರ ಮತ್ತು ಹರಡುವಿಕೆ ಎರಡೂ ಸೊನ್ನೆಯಾಗಿ ಅದು ಅಕ್ಷರದ ಹಿಂದೆಯೇ ಅಡಗಿರಬಹುದು, ಅಥವಾ ಪದರದ ಪಕ್ಕದಲ್ಲಿ ಪರಿಣಾಮಗಳ ಕಣ್ಣಿನ ಗುರುತು ಮುಚ್ಚಿರಬಹುದು. ಅಕ್ಷರದ ಒಳಬಣ್ಣವನ್ನು ಫಿಲ್ ಶೇಕಡಾ 0 ಮಾಡಿ ಒಳಗೆ ನೆರಳು ಕಾಣಬೇಕೆಂದು ಬಯಸುವವರು, ಡ್ರಾಪ್ ಶ್ಯಾಡೋದ ಕೆಳಭಾಗದಲ್ಲಿರುವ ‘ಲೇಯರ್ ನಾಕ್ಸ್ ಔಟ್ ಡ್ರಾಪ್ ಶ್ಯಾಡೋ’ ಎಂಬ ಗುರುತನ್ನು ತೆಗೆಯಬೇಕು.

ಪ್ರಶ್ನೆ: ಒಂದು ಸಾಲಿನ ನೆರಳಿನ ದಿಕ್ಕು ಬದಲಿಸಿದರೆ ಎಲ್ಲ ಸಾಲುಗಳದ್ದೂ ಬದಲಾಗುತ್ತದೆ.

ಫೋಟೋಶಾಪಿನ ಡ್ರಾಪ್ ಶ್ಯಾಡೋದಲ್ಲಿ ‘ಯೂಸ್ ಗ್ಲೋಬಲ್ ಲೈಟ್’ ಗುರುತು ತೆಗೆಯಿರಿ. ಆದರೆ ತೆಗೆಯುವ ಮೊದಲು ಯೋಚಿಸಿ: ಒಂದೇ ಪುಟದಲ್ಲಿ ಒಂದು ನೆರಳು ಎಡಕ್ಕೆ, ಇನ್ನೊಂದು ಬಲಕ್ಕೆ ಬಿದ್ದರೆ ನೋಡುವವರಿಗೆ ಏನೋ ಸರಿಯಿಲ್ಲವೆನಿಸುತ್ತದೆ.

ಪ್ರಶ್ನೆ: ನೆರಳು ನುಣುಪಾಗಿ ಕರಗುವ ಬದಲು ಚೌಕ ಚೌಕವಾಗಿ, ಅಥವಾ ಪಟ್ಟೆ ಪಟ್ಟೆಯಾಗಿ ಮೂಡುತ್ತದೆ.

ಚೌಕಗಳಿದ್ದರೆ ರೆಸಲ್ಯೂಶನ್ (ಒಂದು ಇಂಚಿನಲ್ಲಿರುವ ಬಿಂದುಗಳ ಸಂಖ್ಯೆ) ಕಡಿಮೆ. ಅಕ್ಷರ ವೆಕ್ಟರ್ (ಗೆರೆಗಳಿಂದಾದ ಚಿತ್ರ) ಆಗಿದ್ದರೂ ಅದರ ಮಸುಕಾದ ನೆರಳು ಪಿಕ್ಸೆಲ್ಲುಗಳಿಂದಾದ ಬಿಂದುಚಿತ್ರವೇ. ಇಲ್ಲಸ್ಟ್ರೇಟರ್‌ನಲ್ಲಿ ಎಫೆಕ್ಟ್ ಮೆನುವಿನ ‘ಡಾಕ್ಯುಮೆಂಟ್ ರಾಸ್ಟರ್ ಎಫೆಕ್ಟ್ಸ್ ಸೆಟಿಂಗ್ಸ್’ನಲ್ಲಿ 72 ಎಂದಿದ್ದರೆ ಮುದ್ರಣಕ್ಕಾಗಿ 300 ಮಾಡಬೇಕು, ಬದಲಿಸಿದ ಮೇಲೆ ನೆರಳಿನ ನೋಟ ತುಸು ವ್ಯತ್ಯಾಸವಾಗಬಹುದಾದ್ದರಿಂದ ಇದನ್ನು ಕೆಲಸ ಆರಂಭಿಸುವಾಗಲೇ ಮಾಡುವುದು ಉತ್ತಮ. ಕೋರಲ್‌ಡ್ರಾದಲ್ಲಿಯೂ ಡಾಕ್ಯುಮೆಂಟಿನ ಆಯ್ಕೆಗಳಲ್ಲಿ ಪರಿಣಾಮಗಳ ರೆಸಲ್ಯೂಶನ್ ನಮೂದಿಸುವ ಜಾಗವಿದೆ. ದೂರದಿಂದ ನೋಡುವ ದೊಡ್ಡ ಫ್ಲೆಕ್ಸಿಗೆ ಪೂರ್ಣ ಅಳತೆಯಲ್ಲಿ 72ರಿಂದ 100 ಸಾಕು. ಹತ್ತಡಿಯ ಫಲಕಕ್ಕೆ 300 ಇಟ್ಟು ಕುಳಿತರೆ ಕಂಪ್ಯೂಟರ್ ನಿಂತುಹೋಗುವುದಷ್ಟೇ ಲಾಭ.

ಪಟ್ಟೆಗಳ ಕಾರಣ ಬೇರೆ. ಕಪ್ಪಿನಿಂದ ಬಿಳಿಯವರೆಗೆ 8 ಬಿಟ್ ಕಡತದಲ್ಲಿ 256 ಮೆಟ್ಟಿಲುಗಳಿವೆ. ಅವುಗಳಲ್ಲಿ ಕೆಲವನ್ನೇ ಬಳಸುವ ತಿಳಿಯಾದ ನೆರಳನ್ನು ಬಹಳ ಅಗಲಕ್ಕೆ ಹರಡಿದರೆ ಮೆಟ್ಟಿಲುಗಳು ಕಣ್ಣಿಗೆ ಕಾಣುತ್ತವೆ. ಫೋಟೋಶಾಪಿನ ಡ್ರಾಪ್ ಶ್ಯಾಡೋದಲ್ಲಿ ‘ನಾಯ್ಸ್’ ಅನ್ನು ಶೇಕಡಾ 2 ಅಥವಾ 3ಕ್ಕೆ ಏರಿಸಿದರೆ ಪಟ್ಟೆ ಒಡೆದು ಕಣ್ಮರೆಯಾಗುತ್ತದೆ.

ಪ್ರಶ್ನೆ: ಪಿಡಿಎಫ್ ಮಾಡಿದ ಮೇಲೆ ನೆರಳಿನ ಸುತ್ತ ಬಿಳಿಯ ಅಥವಾ ಬಣ್ಣಗೆಟ್ಟ ಚೌಕವೊಂದು ಕಾಣುತ್ತದೆ.

ನೆರಳು ಪಾರದರ್ಶಕವಾದದ್ದು; ಆ ಪಾರದರ್ಶಕತೆ ದಾರಿಯಲ್ಲಿ ಎಲ್ಲೋ ನಷ್ಟವಾಗಿದೆ. ಶೀರ್ಷಿಕೆಯನ್ನು ಜೆಪೆಗ್ ಮಾಡಿ ತಂದಿದ್ದರೆ ಕಾರಣ ಸ್ಪಷ್ಟ, ಏಕೆಂದರೆ ಜೆಪೆಗ್‌ನಲ್ಲಿ ಪಾರದರ್ಶಕತೆ ಎಂಬುದೇ ಇಲ್ಲ. ಪಿಎನ್‌ಜಿ ಅಥವಾ ಪಿಎಸ್‌ಡಿ ತರಬೇಕು. ಪಿಡಿಎಫ್‌ನಲ್ಲಿ ಪಾರದರ್ಶಕತೆ ಬಂದದ್ದು 1.4ನೆಯ ಆವೃತ್ತಿಯಿಂದ. ಪಿಡಿಎಫ್ 1.3 ಅಥವಾ ಮುದ್ರಣಕ್ಕೆಂದೇ ಇರುವ ಪಿಡಿಎಫ್ ಎಕ್ಸ್-1ಎ ಮಾನಕದಲ್ಲಿ ಉಳಿಸಿದಾಗ ನೆರಳು ಮತ್ತು ಅದರ ಕೆಳಗಿನ ಭಾಗವನ್ನು ಕತ್ತರಿಸಿ ಒಂದೇ ಬಿಂದುಚಿತ್ರವಾಗಿ ಚಪ್ಪಟೆ ಮಾಡಲಾಗುತ್ತದೆ. ಆ ತುಂಡಿನ ಬಣ್ಣ ಸುತ್ತಲಿನ ಬಣ್ಣಕ್ಕಿಂತ ಕಿಂಚಿತ್ತು ಬೇರೆಯಾದರೂ ಚೌಕ ಕಾಣುತ್ತದೆ. ಹಿನ್ನೆಲೆ ಆರ್‌ಜಿಬಿಯಲ್ಲಿದ್ದು (ಪರದೆಯ ಬಣ್ಣ ಪದ್ಧತಿ) ನೆರಳು ಸಿಎಂವೈಕೆಯಲ್ಲಿದ್ದಾಗ (ಮುದ್ರಣದ ನಾಲ್ಕು ಬಣ್ಣಗಳ ಪದ್ಧತಿ), ಅಥವಾ ಹಿನ್ನೆಲೆಗೆ ಸ್ಪಾಟ್ ಬಣ್ಣ (ಮೊದಲೇ ಬೆರೆಸಿಟ್ಟ ಪ್ರತ್ಯೇಕ ಶಾಯಿ) ಬಳಸಿದ್ದಾಗ ಹೀಗಾಗುವ ಸಂಭವ ಹೆಚ್ಚು. ಇಡೀ ಕಡತವನ್ನು ಒಂದೇ ಬಣ್ಣ ಪದ್ಧತಿಗೆ ತಂದು, ಪ್ರೆಸ್ಸಿನವರು ಒಪ್ಪುವುದಾದರೆ ಪಾರದರ್ಶಕತೆಯನ್ನು ಹಾಗೆಯೇ ಉಳಿಸುವ ಎಕ್ಸ್-4 ಮಾನಕದಲ್ಲಿ ಕೊಡಬೇಕು.

ಚೌಕವಲ್ಲದೆ ಕೂದಲೆಳೆಯಷ್ಟು ಬಿಳಿಗೆರೆಗಳು ಮಾತ್ರ ಕಂಡರೆ ಗಾಬರಿಯಾಗುವ ಅಗತ್ಯವಿಲ್ಲ. ಚಪ್ಪಟೆ ಮಾಡಿದ ತುಂಡುಗಳ ನಡುವೆ ಪರದೆಯ ಮೇಲೆ ಕಾಣುವ ಗೆರೆಗಳವು. ಪಿಡಿಎಫನ್ನು ಹಿಗ್ಗಿಸಿ ನೋಡಿದಾಗ ಗೆರೆ ದಪ್ಪವಾಗದೆ ಅಷ್ಟೇ ತೆಳ್ಳಗಿದ್ದರೆ ಅವು ಸಾಮಾನ್ಯವಾಗಿ ಅಚ್ಚಿನಲ್ಲಿ ಬರುವುದಿಲ್ಲ.

ಪ್ರಶ್ನೆ: ಬಿಳಿಯ ಅಂಚು ಪರದೆಯಲ್ಲಿತ್ತು, ಆಫ್‌ಸೆಟ್ ಅಚ್ಚಿನಲ್ಲಿ ಪೂರ್ತಿ ಮಾಯವಾಗಿದೆ.

ಆ ಅಂಚಿಗೆ ಓವರ್‌ಪ್ರಿಂಟ್ ಗುರುತು ಇದ್ದಿರಬೇಕು. ಓವರ್‌ಪ್ರಿಂಟ್ ಎಂದರೆ ಕೆಳಗಿನ ಬಣ್ಣವನ್ನು ತೆರವು ಮಾಡದೆ ಅದರ ಮೇಲೆಯೇ ಮುದ್ರಿಸು ಎಂಬ ಸೂಚನೆ. ಬಿಳಿ ಎಂಬುದು ಶಾಯಿಯಲ್ಲ, ಕಾಗದದ ಬಣ್ಣ. ತೆರವು ಮಾಡದಿದ್ದರೆ ಬಿಳಿ ಹುಟ್ಟುವುದೇ ಇಲ್ಲ. ಮೊದಲು ಕಪ್ಪಾಗಿದ್ದ ಅಂಚನ್ನು ಅನಂತರ ಬಿಳಿ ಮಾಡಿದಾಗ ಹಳೆಯ ಗುರುತು ಹಾಗೆಯೇ ಉಳಿದುಬಿಡುವುದು ಇದರ ಸಾಮಾನ್ಯ ಕಾರಣ. ಮುದ್ರಣಕ್ಕೆ ಕಳಿಸುವ ಮೊದಲು ಇಲ್ಲಸ್ಟ್ರೇಟರ್ ಅಥವಾ ಆಕ್ರೊಬ್ಯಾಟ್‌ನಲ್ಲಿ ಓವರ್‌ಪ್ರಿಂಟ್ ಪ್ರಿವ್ಯೂ ನೋಡುವ ಅಭ್ಯಾಸವಿದ್ದರೆ ಇದು ಮೊದಲೇ ಪತ್ತೆಯಾಗುತ್ತದೆ.

ಪ್ರಶ್ನೆ: ಕರೆಯೋಲೆಯ ಸಣ್ಣ ಅಕ್ಷರಗಳಿಗೂ ಅಂಚು, ನೆರಳು ಬೇಕೆಂದು ಗ್ರಾಹಕರು ಹಟ ಹಿಡಿಯುತ್ತಾರೆ.

ಬೇಡವೆಂದು ತಿಳಿಸಿ ಹೇಳುವುದೇ ಸರಿ. ನಾಲ್ಕು ಬಣ್ಣದ ಆಫ್‌ಸೆಟ್‌ನಲ್ಲಿ ಪ್ರತಿ ಬಣ್ಣವೂ ಬೇರೆ ಬೇರೆ ಅಚ್ಚಿನ ಫಲಕದಿಂದ (ಪ್ಲೇಟ್) ಕಾಗದಕ್ಕೆ ಬರುತ್ತದೆ, ಅವು ಒಂದರ ಮೇಲೊಂದು ಕೂದಲೆಳೆಯಷ್ಟು ಆಚೀಚೆಯಾಗುವುದು ಸಹಜ. 0.25 ಪಾಯಿಂಟಿನ ಅಂಚು ಎಂದರೆ 0.09 ಮಿಲಿಮೀಟರ್, ಫಲಕ ಅಷ್ಟು ಸರಿದರೂ ಅಂಚು ಒಂದು ಬದಿಯಲ್ಲಿ ನುಂಗಿಹೋಗಿ ಇನ್ನೊಂದು ಬದಿಯಲ್ಲಿ ಎರಡರಷ್ಟಾಗುತ್ತದೆ. 14 ಪಾಯಿಂಟಿಗಿಂತ ಚಿಕ್ಕ ಕನ್ನಡ ಅಕ್ಷರಗಳಿಗೆ ಅಂಚು, ನೆರಳು ಎರಡೂ ಬೇಡ ಎಂಬುದು ನಾವು ಪಾಲಿಸುವ ನಿಯಮ. ಹೆಸರು ಎದ್ದು ಕಾಣಬೇಕೆಂದರೆ ಅದೇ ಫಾಂಟಿನ ದಪ್ಪ ರೂಪವನ್ನು ಬಳಸಬಹುದು. ಕೊಡಲೇಬೇಕಾದ ನೆರಳನ್ನು ನಾಲ್ಕು ಬಣ್ಣಗಳ ಮಿಶ್ರಣದಿಂದ ಮಾಡದೆ ಬರಿಯ ಕಪ್ಪಿನಿಂದ ಮಾಡಿದರೆ ಸರಿದಾಟದ ತೊಂದರೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಪ್ರಶ್ನೆ: ಬಟ್ಟೆಯ ಬ್ಯಾನರಿನಲ್ಲಿ ಅಂಚುಗಳೆಲ್ಲ ಕಲಸಿಹೋಗುತ್ತವೆ.

ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರುಗಳ ನಿಷೇಧದ ಆದೇಶ ಬಂದ ಮೇಲೆ ಬಟ್ಟೆಯ ಕೆಲಸ ಕೇಳುವವರೂ ಇದ್ದಾರೆ. ಬಟ್ಟೆ ಶಾಯಿಯನ್ನು ಹೀರಿ ಎಳೆಯುದ್ದಕ್ಕೂ ಹರಡುತ್ತದೆ. ಹೊರಕ್ಕೆ ಬೆಳೆಯುವ ಅಂಚು ಇನ್ನಷ್ಟು ಬೆಳೆಯುತ್ತದೆ, ಒಳಗಿನ ಖಾಲಿಜಾಗ ಇನ್ನಷ್ಟು ಕುಗ್ಗುತ್ತದೆ. ಫ್ಲೆಕ್ಸಿಗೆ ಮಾಡಿದ ಕಡತವನ್ನೇ ಬಟ್ಟೆಗೆ ಕಳಿಸದೆ ಮಸುಕು ನೆರಳನ್ನು ತೆಗೆದು, ಅಂಚನ್ನು ತೆಳ್ಳಗೆ ಮಾಡಿ, ಮೊದಲು ಒಂದು ಚಿಕ್ಕ ತುಂಡಿನ ಮೇಲೆ ಮುದ್ರಿಸಿ ನೋಡಬೇಕು.

ಪ್ರಶ್ನೆ: ದೋಣಿ ಮತ್ತು ವಾಹನಗಳಿಗೆ ಹಚ್ಚುವ ಸ್ಟಿಕ್ಕರ್ ಹೆಸರಿಗೆ ನೆರಳು ಕೊಟ್ಟರೆ ಕತ್ತರಿಸುವ ಯಂತ್ರ ಅದನ್ನು ಬಿಟ್ಟುಬಿಡುತ್ತದೆ. ಅಕ್ಷರವನ್ನು ನಡುವೆಯೇ ಕತ್ತರಿಸುತ್ತದೆ ಕೂಡ.

ಕಾರವಾರದ ಬೈತಖೋಲ ಬಂದರಿನ ದೋಣಿಗಳಿಂದ ಹಿಡಿದು ಊರಿನ ರಿಕ್ಷಾಗಳವರೆಗೆ ಇಂತಹ ಕೆಲಸ ಬಹಳ. ಪ್ಲಾಟರ್ ಯಂತ್ರದ ಬ್ಲೇಡು ವೆಕ್ಟರ್ ಗೆರೆಯ ಮೇಲೆ ಮಾತ್ರ ಚಲಿಸುತ್ತದೆ. ಮಸುಕಾದ ನೆರಳು ಬಿಂದುಚಿತ್ರವಾದ್ದರಿಂದ ಅದರ ಮಟ್ಟಿಗೆ ಅದು ಇಲ್ಲವೇ ಇಲ್ಲ. ದಪ್ಪ ಅಂಚು ಕೂಡ ಅದಕ್ಕೆ ದಪ್ಪವೇ ಇಲ್ಲದ ಒಂದು ದಾರಿ. ಆದ್ದರಿಂದ ಅಂಚನ್ನು ಮೊದಲು ಸ್ವತಂತ್ರ ಆಕೃತಿಯಾಗಿ ಮಾರ್ಪಡಿಸಬೇಕು: ಕೋರಲ್‌ಡ್ರಾದಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಕ್ಯೂ ಒತ್ತಿದರೆ ಔಟ್‌ಲೈನ್ ಆಬ್ಜೆಕ್ಟ್ ಆಗುತ್ತದೆ, ಅಥವಾ ಕಾಂಟೂರ್ ಉಪಕರಣವನ್ನು ಬಳಸಬಹುದು, ಇಲ್ಲಸ್ಟ್ರೇಟರ್‌ನಲ್ಲಿ ಆಫ್‌ಸೆಟ್ ಪಾತ್ ಇದೆ. ನೆರಳಿಗಾಗಿ ಕೋರಲ್‌ಡ್ರಾ 2018ರಲ್ಲಿ ಸೇರಿಸಿದ ಬ್ಲಾಕ್ ಶ್ಯಾಡೋ ಉಪಕರಣವು ಮಸುಕಿಲ್ಲದ, ಗಟ್ಟಿ ವೆಕ್ಟರ್ ನೆರಳನ್ನೇ ಕೊಡುತ್ತದೆ. ಅದಕ್ಕಿಂತ ಹಳೆಯ ಆವೃತ್ತಿಯಿದ್ದರೆ ಅಕ್ಷರದ ಪ್ರತಿಯನ್ನು ಕೆಳಗೆ, ಬಲಕ್ಕೆ ಸರಿಸಿಟ್ಟು ಬೇರೆ ಬಣ್ಣದ ಹಾಳೆಯಲ್ಲಿ ಕತ್ತರಿಸಿದರೂ ಆಗುತ್ತದೆ.

ಅಕ್ಷರದ ನಡುವೆ ಕತ್ತರಿ ಬೀಳುವುದಕ್ಕೆ ಮೊದಲ ಪ್ರಶ್ನೆಯಲ್ಲಿ ಹೇಳಿದ ಕೂಡುಜಾಗಗಳೇ ಕಾರಣ. ಪರದೆಯ ಮೇಲೆ ಅವು ಕಾಣದಿದ್ದರೂ ಬ್ಲೇಡಿಗೆ ಕಾಣುತ್ತವೆ. ಕತ್ತರಿಸುವ ಮೊದಲು ವ್ಯೂ ಮೆನುವಿನಲ್ಲಿ ವೈರ್‌ಫ್ರೇಮ್ ನೋಟಕ್ಕೆ ಹೋಗಿ, ಅಕ್ಷರದೊಳಗೆ ಒಂದೂ ಅಡ್ಡಗೆರೆ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಪ್ರಶ್ನೆ: ಗಿಂಪ್‌ನಲ್ಲಿ ನೆರಳು ಅರ್ಧಕ್ಕೇ ಕತ್ತರಿಸಿದಂತೆ ನಿಲ್ಲುತ್ತದೆ.

ಪಠ್ಯದ ಪದರ ಅಕ್ಷರಗಳಷ್ಟೇ ಅಗಲವಿರುತ್ತದೆ. ಅದರ ಗಡಿಯಾಚೆ ನೆರಳಿಗೆ ಜಾಗವಿಲ್ಲ. ಡ್ರಾಪ್ ಶ್ಯಾಡೋ ಪೆಟ್ಟಿಗೆಯಲ್ಲಿ ಕ್ಲಿಪ್ಪಿಂಗ್ ಅನ್ನು ‘ಅಡ್ಜಸ್ಟ್’ ಮಾಡಬೇಕು, ಅಥವಾ ‘ಲೇಯರ್ ಟು ಇಮೇಜ್ ಸೈಜ್’ ಆಜ್ಞೆಯಿಂದ ಪದರವನ್ನು ಮೊದಲೇ ಹಿಗ್ಗಿಸಿಕೊಳ್ಳಬೇಕು. ಅದೇ ಪೆಟ್ಟಿಗೆಯಲ್ಲಿ ನೆರಳಿನ ದೂರವನ್ನೂ ಮಸುಕನ್ನೂ ಸೊನ್ನೆ ಮಾಡಿ ‘ಗ್ರೋ ರೇಡಿಯಸ್’ ಏರಿಸಿದರೆ ಒಳಗೆರೆಗಳಿಲ್ಲದ ಅಂಚು ಸಿಗುತ್ತದೆ. 2.10ನೆಯ ಆವೃತ್ತಿಯಲ್ಲಿ ಇದನ್ನು ಮಾಡಿದ ಮೇಲೆ ಅಕ್ಷರ ತಿದ್ದಹೊರಟರೆ ನೆರಳು ಕಳೆದುಹೋಗುತ್ತದೆ. 2025ರಲ್ಲಿ ಬಂದ 3.0ರಲ್ಲಿ ಪರಿಣಾಮವು ಪದರದಿಂದ ಬೇರೆಯಾಗಿಯೇ ಉಳಿಯುವುದರಿಂದ ಆ ತಾಪತ್ರಯವಿಲ್ಲ.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಆಮಂತ್ರಣದಲ್ಲಿ ಕೆಂಪು ಅಕ್ಷರದ ಅಂಚು ಕೊಳಕಾಗಿ ಕಾಣುತ್ತದೆ.

ಚಿತ್ರವಾಗಿ ಕಳಿಸಿದ್ದನ್ನು ಅದು ಮತ್ತೆ ಕುಗ್ಗಿಸುತ್ತದೆ. ಜೆಪೆಗ್ ಕುಗ್ಗಿಸುವಾಗ ಬೆಳಕಿನ ವಿವರಕ್ಕಿಂತ ಬಣ್ಣದ ವಿವರವನ್ನು ಹೆಚ್ಚು ಬಿಟ್ಟುಕೊಡುವುದರಿಂದ ಕೆಂಪು ಅಕ್ಷರ, ಹಸಿರು ಹಿನ್ನೆಲೆಯಂತಹ ಕಡೆ ಅಂಚು ರಾಡಿಯಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಕಡತ ಹಾಗೆಯೇ ತಲುಪುತ್ತದೆ.

ಪ್ರಶ್ನೆ: ಜಾಲತಾಣದ ಪುಟದಲ್ಲಿ ಇದೇ ಅಂಚು, ನೆರಳು ಕೊಡುವುದು ಹೇಗೆ?

ಜಾಲಪುಟದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಯ ಟೆಕ್ಸ್ಟ್ ಶ್ಯಾಡೋಗೆ ಅಡ್ಡ ದೂರ, ಉದ್ದ ದೂರ, ಮಸುಕು ಮತ್ತು ಬಣ್ಣ ಎಂಬ ನಾಲ್ಕು ಬೆಲೆಗಳಿವೆ. ಬಾಕ್ಸ್ ಶ್ಯಾಡೋದಲ್ಲಿರುವಂತೆ ಹರಡುವಿಕೆಯ ಬೆಲೆ ಇದರಲ್ಲಿಲ್ಲ. ನಾಲ್ಕು ದಿಕ್ಕಿಗೆ ನಾಲ್ಕು ನೆರಳು ಕೊಟ್ಟು ಅಂಚಿನ ಭ್ರಮೆ ಹುಟ್ಟಿಸಬಹುದಾದರೂ ದಪ್ಪ ಹೆಚ್ಚಿದಂತೆ ಮೂಲೆಗಳಲ್ಲಿ ಸಂದು ಬೀಳುತ್ತದೆ. ವೆಬ್‌ಕಿಟ್ ಟೆಕ್ಸ್ಟ್ ಸ್ಟ್ರೋಕ್ ಬಳಸಿದರೆ ಗೆರೆ ಇಲ್ಲಿಯೂ ಮಧ್ಯದಲ್ಲೇ ಕೂರುತ್ತದೆ, ವೇರಿಯಬಲ್ ಫಾಂಟಿನ ಒಳಗೆರೆಗಳೂ ಏಳುತ್ತವೆ. ಈಚಿನ ಬ್ರೌಸರುಗಳಲ್ಲಿ ಪೇಂಟ್ ಆರ್ಡರ್‌ಗೆ ಮೊದಲು ಸ್ಟ್ರೋಕ್, ಅನಂತರ ಫಿಲ್ ಎಂದು ಕೊಟ್ಟರೆ ಎರಡೂ ಸರಿಹೋಗುತ್ತವೆ.

ಪ್ರಶ್ನೆ: ಪ್ರೆಸ್ಸಿಗೆ ಕಳಿಸುವಾಗ ಪಠ್ಯವನ್ನು ಕರ್ವ್ ಮಾಡಲೇಬೇಕೇ?

ಅವರ ಬಳಿ ಅದೇ ಫಾಂಟು, ಅದೇ ಆವೃತ್ತಿಯ ತಂತ್ರಾಂಶ ಇದೆಯೆಂಬ ಖಾತ್ರಿ ಇಲ್ಲದಿದ್ದರೆ ಮಾಡಲೇಬೇಕು. ನುಡಿಯ ಹಳೆಯ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಆ ಪಠ್ಯ ಕನ್ನಡವಾಗಿಯೇ ಕಾಣುವುದಿಲ್ಲ, ರೋಮನ್ ಲಿಪಿಯ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ನೆರಳು, ಅಂಚುಗಳು ಆ ಗುರುತುಗಳಿಗೇ ಅಂಟಿಕೊಂಡಿರುತ್ತವೆ. ಕರ್ವ್ ಮಾಡಿದ ಕಡತಕ್ಕೆ ಬೇರೆ ಹೆಸರು ಕೊಟ್ಟು, ತಿದ್ದಬಹುದಾದ ಮೂಲ ಕಡತವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಮುಹೂರ್ತದ ಸಮಯ ಬದಲಾಯಿತೆಂದು ಕರೆ ಬಂದಾಗ ಬೇಕಾಗುವುದು ಅದೇ.